ಹಾಡಿದವರು: ಗೊತ್ತಿಲ್ಲ

"ಅವರು ಜೀವನದಲ್ಲಿ ಒಂದು ಸುಳ್ಳೂ ಹೇಳಿದವರಲ್ಲ" ಅಂತ ಸಂಘದ ಅಧ್ಯಕ್ಷರು ಮೈಕಿನಲ್ಲಿ ಹೇಳುವಾಗ ನನ್ನ ಬಾಯಲ್ಲಿ ಸಮೋಸ ಇತ್ತು. ಶ್ರದ್ಧಾಂಜಲಿ ಸಭೆಯಲ್ಲಿ ಸಮೋಸ ಯಾಕೆ ಅಂತ ಕೇಳಬೇಡಿ. ದೋಹಾದಲ್ಲಿ ನಮ್ಮವರು ನಾಲ್ಕು ಜನ ಸೇರಿದರೆ, ಹುಟ್ಟಿಗಿರಲಿ ಸಾವಿಗಿರಲಿ, ಸಮೋಸ ಮತ್ತು ಕರಕ್ ಚಹಾ ಬಂದೇ ಬರುತ್ತದೆ. ಆ ತುಂಡು ಗಂಟಲಲ್ಲಿ ಸಿಕ್ಕಿಕೊಂಡಿತು. ಪಕ್ಕದಲ್ಲಿ ಕೂತವಳು ನನ್ನ ಬೆನ್ನು ಸವರಿ, "ಅಳ್ಬೇಡ ಮಾರಾಯ್ತಿ, ಎಲ್ಲರೂ ಒಂದಿನ ಹೋಗುವವರೇ" ಅಂದಳು. ಅಳು ಎಲ್ಲಿಂದ ಬರಬೇಕು? ನನಗೆ ಬಂದದ್ದು ಸಿಟ್ಟು.

ಮುಂದಿನ ಸಾಲಿನಲ್ಲಿ ತೀರಿಹೋದವರ ಹೆಂಡತಿ, ನಮಗೆಲ್ಲ ಆಂಟಿ, ಕೈಯಲ್ಲಿ ಕರವಸ್ತ್ರ ಮಡಚಿ ಹಿಡಿದು ಕೂತಿದ್ದರು. ಊರಿನಲ್ಲಿ ಮಣ್ಣು ಕೊಟ್ಟು ಸ್ವಲ್ಪ ದಿನವಾದ ಮೇಲೆ ಮಗ ಅವರನ್ನು ವಿಸಿಟ್ ವೀಸಾದಲ್ಲಿ ಅಲ್ ಅಜೀಜಿಯಾದ ತನ್ನ ಮನೆಗೆ ಕರೆಸಿಕೊಂಡಿದ್ದ. ಅಧ್ಯಕ್ಷರ ಮಾತಿಗೆ ಆಂಟಿ ತಲೆಯಾಡಿಸಿದರು. ಅದನ್ನು ನೋಡಿದ ಮೇಲೆ ನನಗೆ ಅಲ್ಲಿ ಕೂರಲಿಕ್ಕೆ ಆಗಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಅಂತ ನನ್ನ ಅಮ್ಮನೂ ಹೇಳಿಕೊಟ್ಟಿದ್ದಾಳೆ. ಆಡುತ್ತೇನೆ, ಒಳ್ಳೆಯದು ಬೇಕಾದಷ್ಟುಂಟು. ಆದರೆ ಆ ಮೈಕಿಗೆ ಒಂದು ಉತ್ತರ ಕೊಡದೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ಅಪ್ಪ ತೀರಿಹೋದ ವರ್ಷವೇ ನಾನು ಇಲ್ಲಿಗೆ ಬಂದದ್ದು. ಉಡುಪಿ ಬಿಟ್ಟು ಮಂಗಳೂರಿನಾಚೆ ಹೋದವಳಲ್ಲ. ವಿಮಾನ ನಿಲ್ದಾಣದ ಹೊರಗೆ ಬಿಸಿಗಾಳಿ ಮುಖಕ್ಕೆ ಹೊಡೆದಾಗ ಯಾರೋ ಒಲೆಯ ಬಾಗಿಲು ತೆರೆದರು ಅಂತಲೇ ಅನಿಸಿತ್ತು. ಅಲ್ಲಿ ಇಸ್ತ್ರಿ ಮಾಡಿದ ಅರ್ಧ ತೋಳಿನ ಬಿಳಿ ಅಂಗಿಯ ಒಬ್ಬರು ನಿಂತಿದ್ದರು. ಕಂಪನಿಯ ಎಚ್‌ಆರ್‌ನವರು. ಹೊಸಬರನ್ನು ಕರೆತರಲು ಡ್ರೈವರ್ ಕಳಿಸಿದರೆ ಸಾಕಾಗಿತ್ತು, ಅವರೇ ಬಂದಿದ್ದರು. "ಊಟ ಆಯ್ತಾ?" ಅಂತ ಕನ್ನಡದಲ್ಲಿ ಕೇಳಿದರು. ನಾನು ಅಲ್ಲೇ ಗೊಳೋ ಅಂತ ಅತ್ತುಬಿಟ್ಟೆ. "ಖಲಾಸ್ ಮಗಾ, ಖಲಾಸ್" ಅಂತ ಅರಬಿಯಲ್ಲಿ ಸಮಾಧಾನ ಮಾಡಿ ಸೀದಾ ಅಲ್ ಹಿಲಾಲಿನ ತಮ್ಮ ಫ್ಲ್ಯಾಟಿಗೆ ಕರೆದುಕೊಂಡು ಹೋದರು. ಆಂಟಿ ಬಂಗುಡೆ ಸಾರು ಬಡಿಸಿದರು. ಅಪ್ಪನ ಜಾಗ ಖಾಲಿ ಇತ್ತಲ್ಲ, ಆವತ್ತು ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ನಾನು ಅವರನ್ನು ಅಲ್ಲಿ ಕೂರಿಸಿಯಾಗಿತ್ತು.

ನನಗೆ ಮಾತ್ರ ಅಲ್ಲ, ಅರ್ಧ ದೋಹಾಕ್ಕೆ ಅವರು ಹಾಗೆ. ಯಾರಿಗೋ ರೂಮ್ ಹುಡುಕಿಕೊಡಬೇಕು, ಯಾರದೋ ಹೆಣ ಊರಿಗೆ ಕಳಿಸಲು ಕಾಗದ ಮಾಡಿಸಬೇಕು, ಯಾರೋ ಹೆತ್ತಿದ್ದಾಳೆ ರಕ್ತ ಬೇಕು, ಎಲ್ಲದಕ್ಕೂ ಅವರೇ. ಕ್ರಿಸ್ಮಸ್ಸಿಗೆ ಚರ್ಚಿನ ಕೊಯರಿನವರನ್ನೆಲ್ಲ ಬಸ್ಸಿಗೆ ತುಂಬಿ ಲೇಬರ್ ಕ್ಯಾಂಪಿಗೆ ಹಾಡಲು ಕರೆದೊಯ್ಯುತ್ತಿದ್ದರು. ಆಫೀಸಿನಲ್ಲಿ ಒಬ್ಬ ಸುಳ್ಳು ಸಿಕ್ ಲೀವ್ ಕೇಳಿಕೊಂಡು ಬಂದಾಗ ಅವರು ಹೇಳಿದ ಮಾತು ನಮ್ಮಲ್ಲಿ ಗಾದೆಯೇ ಆಗಿಹೋಗಿತ್ತು: "ಸುಳ್ಳು ಹೇಳಿದ್ರೆ ನೆನಪಿಟ್ಕೊಳ್ಬೇಕಾಗ್ತದೆ ಮಾರಾಯಾ. ನನಗೆ ನೆನಪು ಕಮ್ಮಿ." ಅಧ್ಯಕ್ಷರು ಮೈಕಿನಲ್ಲಿ ಅದನ್ನೂ ಹೇಳಿದರು. ಜನ ಚಪ್ಪಾಳೆ ತಟ್ಟಿದರು.

ಕೊಯರ್ ಅಂದರೆ ಅವರ ಪ್ರಾಣ. ಇಲ್ಲಿ ಚರ್ಚು ಇಲ್ಲದ ಕಾಲದಲ್ಲಿ ಯಾರದಾದರೂ ಮನೆಯ ಹಾಲಿನಲ್ಲಿ ಕಿಟಕಿ ಮುಚ್ಚಿ ಪೂಜೆ ನಡೆಯುತ್ತಿತ್ತಂತೆ. ಹೊರಗೆ ಕೇಳದ ಹಾಗೆ ಹಾಡಬೇಕಿತ್ತಂತೆ. ಆ ಅಭ್ಯಾಸ ಅವರ ಕೈಯನ್ನು ಕೊನೆಗೂ ಬಿಡಲಿಲ್ಲ. ಜೇಬಿನಲ್ಲಿ ಪೆನ್ನಿನ ಜಾಗದಲ್ಲಿ ಶ್ರುತಿ ಹಿಡಿಯುವ ಕಬ್ಬಿಣದ ಕವೆ ಇರುತ್ತಿತ್ತು. ಅದನ್ನು ಮೊಣಕಾಲಿಗೆ ಬಡಿದು ಕಿವಿಗಿಟ್ಟುಕೊಂಡು ಒಮ್ಮೆ ಕಣ್ಣು ಮುಚ್ಚುವರು. ಹಾಡು ಶುರುವಾದ ಮೇಲೆ ಯಾರ ಸ್ವರವಾದರೂ ಸ್ವಲ್ಪ ಮೇಲೆ ಬಂತೋ, ಎರಡು ಬೆರಳು ಅವರ ಕಡೆ ಚಾಚಿ ಮೆಲ್ಲನೆ ಕೆಳಗೆ ಒತ್ತುವರು. "ಕೊಯರ್ ಅಂದ್ರೆ ಸಾರಿಗೆ ಉಪ್ಪು. ಇರ್ಬೇಕು, ಆದ್ರೆ ಉಂಟು ಅಂತ ಗೊತ್ತಾಗ್ಬಾರ್ದು." ನನ್ನನ್ನು ಆ ಬೆರಳು ಹಿಂದಿನ ಸಾಲಿನ ತನಕ ಒತ್ತಿಕೊಂಡು ಹೋಯಿತು. ಬೇಸರವಿಲ್ಲ, ನನ್ನ ಸ್ವರ ಅಷ್ಟಕ್ಕೇ.

ಆಂಟಿ ಕೊಯರಿನಲ್ಲಿ ಇರಲಿಲ್ಲ. ಜನರ ನಡುವೆ ಎಲ್ಲೋ ಬೆಂಚಿನ ತುದಿಯಲ್ಲಿ ನಿಂತು ಪುಸ್ತಕ ಹಿಡಿದು ತುಟಿ ಮಾತ್ರ ಆಡಿಸುವರು. ಕೊಯರ್ ಮಾಸ್ಟರನ ಹೆಂಡತಿಯೇ ಹಾಡುವುದಿಲ್ಲ ಅಂತ ನಾವು ತಮಾಷೆ ಮಾಡಿದರೆ, "ದೇವರು ಅವಳಿಗೆ ಕೈರುಚಿ ಕೊಟ್ಟ, ಸ್ವರ ಕೊಡ್ಲಿಕ್ಕೆ ಮರ್ತ. ಎರಡೂ ಕೊಟ್ಟಿದ್ರೆ ನನ್ನ ಗತಿ ಎಂತ?" ಅನ್ನುವರು. ನಾವು ನಗುತ್ತಿದ್ದೆವು. ಆಂಟಿಯೂ ನಗುತ್ತಿದ್ದರು.

ಇನ್ನು ಅವರ ಕಾರು. ಅಷ್ಟು ಒಳ್ಳೆಯ ಸಂಬಳದ ಮನುಷ್ಯ ಓಡಿಸುತ್ತಿದ್ದದ್ದು ಓಬೀರಾಯನ ಕಾಲದ ಗಾಡಿ. ಇಲ್ಲಿ ಪ್ರತಿ ವರ್ಷ ಗಾಡಿಯ ತಪಾಸಣೆ ಆಗಬೇಕು, ಪ್ರತಿ ಸಲವೂ ಅದು ಫೇಲು. ಇವರು ಮತ್ತೆ ರಿಪೇರಿ ಮಾಡಿಸಿ, ಮತ್ತೆ ಸಾಲಿನಲ್ಲಿ ನಿಂತು, ಪಾಸು ಮಾಡಿಸಿಕೊಂಡು ಬರುವರು. "ಅಂಕಲ್, ಹೊಸದು ತಕೊಳ್ಳಿ" ಅಂದರೆ, "ಹೊಸದರಲ್ಲಿ ಕ್ಯಾಸೆಟ್ ಹಾಕುವ ಜಾಗ ಉಂಟಾ?" ಅಂತ ಕೇಳುವರು.

ಆ ಕ್ಯಾಸೆಟ್. ನಾನು ಅಲ್ ವಕ್ರಾಕ್ಕೆ ಮನೆ ಬದಲಿಸುವವರೆಗೂ ದಿನಾ ಅವರ ಕಾರಿನಲ್ಲೇ ಆಫೀಸಿಗೆ ಹೋಗುತ್ತಿದ್ದೆ, ಅದನ್ನು ಎಷ್ಟು ಸಲ ಕೇಳಿದ್ದೇನೋ ದೇವರಿಗೇ ಗೊತ್ತು. ಒಂದೇ ಹಾಡು, ಇಂಗ್ಲಿಷಿನದು. ಯೌವನದಲ್ಲಿ ಅವರು ಇಲ್ಲಿನ ಒಂದು ಹೋಟೆಲಿನ ಬ್ಯಾಂಡಿನಲ್ಲಿ ಸಂಜೆ ಹೊತ್ತು ಬಾಸ್ ಗಿಟಾರ್ ನುಡಿಸುತ್ತಿದ್ದರು. ಸೋಲ್ ಅಂತ ಒಂದು ಬಗೆಯ ಹಾಡು ಉಂಟು. ಅಮೆರಿಕದ ಕಪ್ಪು ಜನ ಚರ್ಚಿನಲ್ಲಿ ದೇವರನ್ನು ಕರೆಯುವ ರೀತಿಯಲ್ಲೇ ಹೊರಗೆ ಬಂದು ಪ್ರೀತಿಸಿದವರನ್ನು ಕರೆದರೆ ಹೇಗೆ, ಹಾಗೆ. ಗೋವಾದ ಕೀಬೋರ್ಡಿನವ ಆ ಬಗೆಯಲ್ಲಿ ಒಂದು ಹೊಸ ಹಾಡು ಕಟ್ಟಿದ್ದ. ಅದನ್ನು ಹೋಟೆಲಿನ ಖಾಲಿ ಹಾಲಿನಲ್ಲಿ ಒಂದು ಮಧ್ಯಾಹ್ನ ರೆಕಾರ್ಡ್ ಮಾಡಿದರು. ಎಲ್ಲೂ ಬಿಡುಗಡೆ ಆಗಲಿಲ್ಲ. ಬ್ಯಾಂಡೂ ಒಡೆಯಿತು.

ಹಾಡಿದವಳು ಯಾರು ಅಂದರೆ ಅವರ ಕಣ್ಣು ಬೇರೆಯೇ ಆಗುತ್ತಿತ್ತು. "ಆಫ್ರಿಕಾದ ಕಡೆಯವಳು. ನಮ್ಮ ಹಾಡುವವಳಿಗೆ ಜ್ವರ ಬಂತು ಅಂತ ಒಂದು ವಾರಕ್ಕೆ ಬಂದವಳು. ಹೆಸರು ಗೊತ್ತಿಲ್ಲ, ಎಲ್ಲರೂ ಮಿಸ್ ಅಂತಿದ್ದೆವು. ಟೇಪಿನಲ್ಲಿ ಶಬ್ದ ಬರ್ತದೆ ಅಂತ ಏಸಿ ಆಫ್ ಮಾಡಿಸಿದ್ದು. ಜೂನ್ ತಿಂಗಳು! ಅವಳು ಒದ್ದೆ ಟವೆಲು ಕುತ್ತಿಗೆಗೆ ಹಾಕ್ಕೊಂಡು, ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ ಹಾಡಿದ್ಳು. ಒಂದೇ ಸಲ. ಮರುದಿನ ಹೋದಳು."

ಆ ಸ್ವರ ಸಿಹಿಯಲ್ಲ. ಬೆಲ್ಲ ಕಾಯಿಸುವಾಗ ತಳ ಹಿಡಿದರೆ ಒಂದು ರುಚಿ ಬರುತ್ತದಲ್ಲ, ಅಂಥದ್ದು. ಅದರಲ್ಲಿ ಒಂದು ವಿಚಿತ್ರ ಇತ್ತು. ಒಂದು ಸಾಲು ಹಾಡುತ್ತಾಳೆ, ತುದಿಯನ್ನು ಮೂಗಿನ ಹತ್ತಿರ ತಂದು ಬಿಡುತ್ತಾಳೆ, ಆಮೇಲೆ ಸುಮ್ಮನಾಗುತ್ತಾಳೆ. ಉದ್ದಕ್ಕೆ ಸುಮ್ಮನಾಗುತ್ತಾಳೆ. ಡ್ರಮ್ಮಿನವ ಗಲಿಬಿಲಿಯಾಗಿ ಏನೋ ಬಾರಿಸಿ ಜಾಗ ತುಂಬಿಸುವುದು ಕೇಳುತ್ತದೆ. ಆ ಮೌನ ಬಂದಾಗಲೆಲ್ಲ ಅವರು ಸ್ಟೀಯರಿಂಗಿನಿಂದ ಎರಡು ಬೆರಳು ಮೇಲೆತ್ತಿ ಉಸಿರು ಹಿಡಿಯುವರು. ಕೊಯರಿನಲ್ಲಿ ಕೆಳಗೆ ಒತ್ತುವ ಅದೇ ಬೆರಳು.

ಆಂಟಿ ಕಾರು ಹತ್ತಿದರೆ ಮಾತ್ರ ಕ್ಯಾಸೆಟ್ ಹೊರಗೆ. ಮೂಲೆ ತಿರುಗಿ ಆಂಟಿ ಗೇಟಿನಲ್ಲಿ ಕಾಣುವಷ್ಟರಲ್ಲಿ ಅದನ್ನು ಎಳೆದು ಜೇಬಿಗೆ ಹಾಕಿ ರೇಡಿಯೋ ಹಚ್ಚುವರು. ನನ್ನ ಕಡೆ ನೋಡಿ ಕಣ್ಣು ಮಿಟುಕಿಸುವರು. ನನಗೋ ಒಳಗೊಳಗೇ ನಗು. ಮುದುಕನಿಗೆ ಹಳೇ ಲವ್ ಉಂಟು, ಹೆಂಡತಿಗೆ ಹೆದರುತ್ತಾರೆ ಅಂತ ತಿಳಿದುಕೊಂಡಿದ್ದೆ. ಆ ಗುಟ್ಟಿಗೆ ನಾನೊಬ್ಬಳೇ ಸಾಕ್ಷಿ ಅನ್ನುವ ಜಂಬ ಬೇರೆ. ಕಿವಿಯ ಮೇಲೆ ಹೂ ಇಟ್ಟರೆ ಘಮಘಮ ಅಂತ ಖುಷಿಪಟ್ಟವಳು ನಾನು.

ಟೇಪು ಸವೆಯುತ್ತಿದೆ, ಒಂದಿನ ತುಂಡಾಗುತ್ತದೆ ಅಂತ ಹೆದರಿ ಅವರೇ ಅದನ್ನು ನನ್ನ ಮಗಳ ಕೈಗೆ ಕೊಟ್ಟು ಕಂಪ್ಯೂಟರಿಗೆ ಹಾಕಿಸಿದರು. ಅವಳಿಗೆ ಆಗ ಕಾಲೇಜು. "ಮಮ್ಮಾ, ಈ ವಾಯ್ಸ್ ಸೀರಿಯಸ್ಲಿ ಯಾರದ್ದು?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. "ಗೊತ್ತಿಲ್ಲದೆ ಹೇಗೆ ಇರ್ತದೆ?" ಅಂದವಳೇ ಇಂಟರ್ನೆಟ್ಟಿಗೆ ಹಾಕಿ, ಇದು ಯಾರು ಹೇಳಿ ಅಂತ ಕೇಳಿಬಿಟ್ಟಳು.

ಹಳೇ ಹಾಡಿನ ಹುಚ್ಚಿನವರು ಜಗತ್ತಿನಲ್ಲಿ ಎಷ್ಟಿದ್ದಾರೆ ಅಂತ ನಮಗೆ ಆಗಲೇ ತಿಳಿದದ್ದು. ಎಲ್ಲೆಲ್ಲಿಂದಲೋ ಬರೆದರು. ಕೆಲವರು ಸೂಡಾನಿನವಳು ಅಂದರು, ಕೆಲವರು ಕೆರಿಬಿಯನ್ ಅಂದರು. ಆ ಮೌನದ ಬಗ್ಗೆ ಪುಟಗಟ್ಟಲೆ ಬರೆದರು. ಅದು ಧೈರ್ಯವಂತೆ, ದುಃಖವಂತೆ. ಯೂರೋಪಿನ ಒಂದು ಸಣ್ಣ ರೆಕಾರ್ಡ್ ಕಂಪನಿ ಅದನ್ನು ಗ್ರಾಮಫೋನ್ ತಟ್ಟೆ ಮಾಡಿ ಹೊರತರುತ್ತೇವೆ, ಹಾಡಿದವಳ ಹೆಸರು ಗೊತ್ತಾಗಲೇಬೇಕು ಅಂತ ಹಿಂದೆ ಬಿತ್ತು. ಅಂಕಲ್‌ಗೆ ಮೊದಲು ಸಿಟ್ಟು ಬಂತು, ಆಮೇಲೆ ಖುಷಿಯಾಯಿತು. ಅವರು ಹೇಳುತ್ತಾ ಹೋದ ಆಫ್ರಿಕಾದ ಮಿಸ್ಸಿನ ಕಥೆಯನ್ನು ನಾನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕಳಿಸಿದೆ. ಮೌನ ಯಾಕೆ ಅಂತ ಕಂಪನಿ ಕೇಳಿದ್ದಕ್ಕೆ, "ಅವಳು ಅಳ್ತಾ ಇದ್ಳು ಅಂತ ಬರಿ" ಅಂದರು. ಬರೆದೆ. ದಿನಾ ಬೆಳಿಗ್ಗೆ ಅವರದ್ದು ಒಂದೇ ಪ್ರಶ್ನೆ: "ಬಾಸ್ ಬಗ್ಗೆ ಯಾರಾದ್ರೂ ಬರ್ದಿದ್ದಾರಾ?" ಒಬ್ಬನೇ ಒಬ್ಬ ಬರೆದಿದ್ದ, ಬಾಸಿನವ ತಾಳಕ್ಕೆ ಸ್ವಲ್ಪ ಹಿಂದೆ ಅಂತ. ಅದನ್ನು ನಾನು ಹೇಳಲಿಲ್ಲ.

ಆ ಹೊತ್ತಿಗೆ ನನ್ನ ಪರಿಚಯದವರ ಮಗಳ ಮದುವೆ ಬಂತು. ಹುಡುಗ ಹುಡುಗಿ ಇಬ್ಬರಿಗೂ ರಜೆ ಸಿಗದೆ ಮದುವೆ ದೋಹಾದಲ್ಲೇ. ಹಿಂದಿನ ದಿನದ ರೋಸ್ ಅಲ್ ವಕ್ರಾದಲ್ಲಿ, ಹುಡುಗಿಯ ಮನೆಯಲ್ಲಿ. ಮದುಮಗಳಿಗೆ ತೆಂಗಿನ ಹಾಲು ಸುರಿದು ಹರಸುವ ಶಾಸ್ತ್ರ ಅದು. ಇಲ್ಲಿ ಡಬ್ಬಿಯ ಹಾಲು. ಸೂಪರ್ ಮಾರ್ಕೆಟಿನಿಂದ ಕ್ರೇಟುಗಟ್ಟಲೆ ತಂದು ಸ್ಟೀಲ್ ಪಾತ್ರೆಗೆ ಸುರಿದು, ಊರಿನದ್ದೇ ಅಂದುಕೊಂಡೆವು. ಆದರೆ ಹಾಲು ಸುರಿಯುವಾಗ ವೊವಿ ಹೇಳಬೇಕು, ನಮ್ಮ ಕೊಂಕಣಿಯ ಮದುವೆ ಹಾಡು. ಹಾಡು ಗೊತ್ತಿರುವ ಹಿರಿಯ ಹೆಂಗಸೊಬ್ಬಳು ಸಾಲು ಎತ್ತಿ ನಿಲ್ಲಿಸುತ್ತಾಳೆ. ಸುತ್ತ ನಿಂತವರೆಲ್ಲ ಅದನ್ನೇ ತಿರುಗಿ ಹಾಡುತ್ತಾರೆ. ಅಷ್ಟು ಹೊತ್ತು ಅವಳು ಬಾಯಿ ಮುಚ್ಚಿ ಕಾಯುತ್ತಾಳೆ. ಆಮೇಲೆ ಮುಂದಿನ ಸಾಲು.

ಸಾಲು ಎತ್ತುವವರು ಇಲ್ಲಿ ಯಾರೂ ಇಲ್ಲ ಅಂತ ಊರಿನಲ್ಲಿದ್ದ ಹುಡುಗಿಯ ದೊಡ್ಡಮ್ಮನನ್ನು ವೀಡಿಯೊ ಕಾಲಿನಲ್ಲಿ ಟಿವಿ ಪರದೆ ಮೇಲೆ ಕೂರಿಸಿದ್ದರು. ದೊಡ್ಡಮ್ಮ ಸಾಲು ಎತ್ತಿದರೆ ಅರ್ಧ ಇಲ್ಲಿ ಬರುವುದು, ಅರ್ಧ ಸಮುದ್ರದಲ್ಲಿ. ನಾವು ತಿರುಗಿ ಹಾಡುವಾಗ ಅವರು ಮುಂದಿನ ಸಾಲಿಗೆ ಹೋಗಿಯಾಗಿತ್ತು. ಕೊನೆಗೆ ಅವರ ಬಾಯಿ ತೆರೆದಲ್ಲೇ ನಿಂತುಬಿಟ್ಟಿತು. ಹುಡುಗಿಯ ತಾಯಿ, "ಅಯ್ಯೋ ದೇವರೇ, ವೊವಿ ಇಲ್ಲದೆ ಹಾಲು ಹಾಕೂದು ಹೇಗೆ? ಎಂತ ಅಪಶಕುನ!" ಅಂತ ಅಳುವುದೊಂದು ಬಾಕಿ.

ಆಗ ಅಡುಗೆ ಮನೆಯಿಂದ ಆಂಟಿ ಬಂದರು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ನಾನು ಎತ್ತಲಾ? ನನ್ನ ಅಮ್ಮ ಎತ್ತುತ್ತಿದ್ರು. ನೆನಪುಂಟಾ ನೋಡ್ತೇನೆ" ಅಂದರು. ಗಂಡ ಅಲ್ಲಿರಲಿಲ್ಲ. ಮರುದಿನದ ಪೂಜೆಗೆ ಕೊಯರಿನ ಅಭ್ಯಾಸಕ್ಕಂತ ಚರ್ಚಿಗೆ ಹೋಗಿದ್ದರು. ನಾನು ಅಭ್ಯಾಸ ತಪ್ಪಿಸಿ ಹಾಲಿನ ಪಾತ್ರೆ ಹಿಡಿದು ನಿಂತಿದ್ದೆ. ಆಂಟಿ ಚಪ್ಪಲಿ ಕಳಚಿಟ್ಟು, ಕಣ್ಣು ಮುಚ್ಚಿ ಸಾಲು ಎತ್ತಿದರು.

ತಳ ಹಿಡಿದ ಬೆಲ್ಲ. ವಯಸ್ಸಾಗಿತ್ತು, ಸ್ವಲ್ಪ ನಡುಗುತ್ತಿತ್ತು, ಆದರೆ ಅದೇ. ಸಾಲಿನ ತುದಿಯನ್ನು ಮೂಗಿನ ಹತ್ತಿರ ತಂದು ಬಿಟ್ಟರು. ಆಮೇಲೆ ಸುಮ್ಮನಾದರು. ಎಲ್ಲರೂ ತಿರುಗಿ ಹಾಡಿದರು, ನನಗೆ ಬಾಯಿಯೇ ಬರಲಿಲ್ಲ. ಆ ಮೌನವನ್ನು ನಾನು ಕಾರಿನಲ್ಲಿ ಎಷ್ಟು ವರ್ಷ ಕೇಳಿದ್ದೆ! ಧೈರ್ಯವೂ ಅಲ್ಲ, ದುಃಖವೂ ಅಲ್ಲ, ಅಳುವೂ ಅಲ್ಲ. ವೊವಿ ಎತ್ತಿ ಅಭ್ಯಾಸವಿದ್ದ ಹುಡುಗಿಯೊಬ್ಬಳು ಹೋಟೆಲಿನ ಹಾಲಿನಲ್ಲಿ ಇಂಗ್ಲಿಷ್ ಹಾಡು ಹಾಡುವಾಗಲೂ ಪ್ರತಿ ಸಾಲಿನ ಕೊನೆಗೆ ನಿಂತು, ಸುತ್ತಲಿನವರು ತಿರುಗಿ ಹಾಡಲಿ ಅಂತ ಕಾಯುತ್ತಿದ್ದಳು. ಅಲ್ಲಿ ತಿರುಗಿ ಹಾಡುವವರು ಯಾರೂ ಇರಲಿಲ್ಲ. ಹುಟ್ಟಿದಂದಿನಿಂದ ವೊವಿ ಕೇಳಿದ ನನಗೇ ಅದು ಹೊಳೆಯಲಿಲ್ಲ ಅಂದರೆ ಯೂರೋಪಿನವರಿಗೆ ಎಲ್ಲಿ ಹೊಳೆಯಬೇಕು. ನನ್ನ ಕೈಯಿಂದ ಹಾಲು ಚೆಲ್ಲಿ ಮದುಮಗಳ ತಲೆಯ ಬದಲು ಅವಳ ತಮ್ಮನ ಪ್ಯಾಂಟಿನ ಮೇಲೆ ಬಿತ್ತು.

ಊಟದ ಹೊತ್ತಿಗೆ ಅಡುಗೆ ಮನೆಯಲ್ಲಿ ಅವರನ್ನು ಹಿಡಿದೆ. "ಆಂಟಿ, ನೀವು ಇಷ್ಟು ಚಂದ ಹಾಡ್ತೀರಲ್ಲ. ಬೇರೆ ಎಲ್ಲಾದ್ರೂ ಹಾಡಿದ್ದೀರಾ?"

"ಇಲ್ಲ ಮಗಾ. ಮದುವೆಯಾದ ಹೊಸತ್ರಲ್ಲಿ ಒಂದು ಸಲ, ಇವರ ಬ್ಯಾಂಡಿಗೆ. ಅವರ ಹಾಡುವವಳಿಗೆ ಜ್ವರ. ಇವರೇ ಕರ್ಕೊಂಡು ಹೋದ್ರು. ಅಬ್ಬ, ಆ ಸೆಕೆ! ಏಸಿ ಬಂದ್ ಮಾಡಿದ್ರು. ಕುತ್ತಿಗೆಗೆ ಒದ್ದೆ ಟವೆಲು ಹಾಕ್ಕೊಂಡು ಹಾಡಿದ್ದು." ಆಂಟಿ ನಕ್ಕರು. "ಆದ್ರೆ ಟೇಪಿನಲ್ಲಿ ಸರಿ ಬರ್ಲಿಲ್ಲಂತೆ. ನನ್ನ ಸ್ವರ ಮೈಕಿಗೆ ಆಗೂದಿಲ್ಲ, ಕಾಗೆ ಕೂಗಿದ ಹಾಗೆ ಕೇಳ್ತದೆ ಅಂತ ಇವರು ಹೇಳಿದ್ರು. ಪಾಪ, ಬ್ಯಾಂಡಿನವರಿಗೆ ನನ್ನಿಂದ ನಷ್ಟ. ಅಳಿಸಿಬಿಟ್ರಂತೆ. ಮತ್ತೆ ನಾನು ಬಾಯಿ ತೆರೀಲಿಲ್ಲ."

ನನಗೆ ಅಲ್ಲೇ ಫೋನ್ ತೆಗೆದು ಹಾಕಿ ಕೇಳಿಸಬೇಕು ಅನಿಸಿತು. ಆದರೆ ಅಷ್ಟು ಜನರ ನಡುವೆ, ಗಂಡ ಇಲ್ಲದ ಹೊತ್ತಿನಲ್ಲಿ, ಒಬ್ಬ ಹೆಂಗಸಿನ ಇಡೀ ಬಾಳನ್ನು ಬಿರಿಯಾನಿ ಪಾತ್ರೆಯ ಮುಂದೆ ತಿರುಗಿಸಿ ಹಾಕುವುದು ಹೇಗೆ? ಅಂಕಲೇ ಹೇಳಲಿ ಅಂದುಕೊಂಡೆ.

ಮರುವಾರ ಆಫೀಸಿನ ಪಾರ್ಕಿಂಗಿನಲ್ಲಿ ಅವರ ಕಾರಿನೊಳಗೆ ಕೂತು ನೇರವಾಗಿ ಹೇಳಿಬಿಟ್ಟೆ. "ಅಂಕಲ್, ಆಫ್ರಿಕಾದ ಮಿಸ್ಸು ರೋಸಿನಲ್ಲಿ ವೊವಿ ಹೇಳಿದ್ರು."

ಅವರು ಏಸಿ ಆಫ್ ಮಾಡಿದರು. ಆ ಬಿಸಿಲಿನಲ್ಲಿ! ಇಬ್ಬರೂ ಬೆವರುತ್ತಾ ಕೂತೆವು. ಸ್ಟೀಯರಿಂಗ್ ನೋಡುತ್ತಲೇ ಹೇಳಿದರು. "ಬ್ಯಾಂಡಿಗೆ ಬಹರೇನಿನಲ್ಲಿ ದೊಡ್ಡ ಕಾಂಟ್ರಾಕ್ಟ್ ಸಿಕ್ಕಿತ್ತು. ಟೇಪು ಕೇಳಿದ ಮೇಲೆ ಅವಳನ್ನು ಕೇಳಿದ್ರು. ನನ್ನನ್ನು ಕೇಳ್ಲಿಲ್ಲ. ಬಾಸಿನವ ಎಲ್ಲಿ ಬೇಕಾದ್ರೂ ಸಿಗ್ತಾನೆ ಅಂದ್ರು. ನನ್ನ ಎದುರೇ ಅಂದ್ರು ಮಗಾ."

"ಅದಕ್ಕೆ?"

"ಅವಳಿಗೆ ಮನಸ್ಸಿಲ್ಲ ಅಂತ ಅವರಿಗೆ ಹೇಳಿದೆ. ಟೇಪು ಹಾಳಾಯ್ತು ಅಂತ ಅವಳಿಗೆ ಹೇಳಿದೆ. ಅವಳು ಒಂದು ಸಲ ಅದನ್ನು ಕೇಳಿದ್ದಿದ್ರೆ ನಿಲ್ತಿರ್ಲಿಲ್ಲ. ಯಾರು ನಿಲ್ತಾರೆ, ನೀನೇ ಹೇಳು."

ಅವರು ಅತ್ತರು. ನಾನು ಅವರು ಅಳುವುದನ್ನು ಅದಕ್ಕಿಂತ ಮೊದಲು ನೋಡಿರಲಿಲ್ಲ. "ನೀನು ಹೇಳ್ಬೇಡ ಮಗಾ. ನಾನೇ ಹೇಳ್ತೇನೆ. ರಿಟೈರ್ ಆಗಿ ಊರಿಗೆ ಹೋಗ್ಲಿಕ್ಕೆ ಇನ್ನೆಷ್ಟು ದಿನ ಉಂಟು? ಆ ರೆಕಾರ್ಡ್ ಅವಳ ಕೈಯಲ್ಲಿಟ್ಟು ಹೇಳ್ತೇನೆ. ಅವಳ ಹೆಸರು ಹಾಕ್ಲಿಕ್ಕೆ ಕಂಪನಿಗೆ ನಾನೇ ಬರೀತೇನೆ. ದೇವರಾಣೆ." ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಅಪ್ಪನ ಜಾಗದಲ್ಲಿ ಕೂರಿಸಿದವರು ಅಳುತ್ತಾ ಆಣೆ ಹಾಕಿದರೆ ನಂಬದೆ ಇರಲಿಕ್ಕೆ ನಾನೇನು ಪೊಲೀಸಾ? ನಂಬಿದೆ.

ಬೀಳ್ಕೊಡುಗೆ ಜೋರಾಗಿ ನಡೆಯಿತು. ಶಾಲು, ಹಾರ, ಗಡಿಯಾರ. ಕಾರನ್ನು ಗುಜರಿಗೆ ಹಾಕಿದರು. ವಿಮಾನ ಹತ್ತುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟು, "ನೆನಪುಂಟು ಮಗಾ" ಅಂದರು. ಊರಿಗೆ ಹೋದ ಮೇಲೆ ಫೋನ್ ಮಾಡಿದರೆ, ಆಂಟಿಯ ನಂಬರಿಗೆ ಮಾಡಿದರೂ, ಅವರೇ ಎತ್ತುವರು. "ಹೇಳ್ತೇನೆ, ಹೇಳ್ತೇನೆ. ಮನೆಗೆ ಬಣ್ಣ ಆಗ್ತಾ ಉಂಟು." ಆಮೇಲೆ, "ಹೇಳ್ತೇನೆ, ಹಬ್ಬ ಕಳೀಲಿ."

ಒಂದು ದಿನ ನನ್ನ ಆಫೀಸಿನ ವಿಳಾಸಕ್ಕೆ ಚಪ್ಪಟೆ ಪೆಟ್ಟಿಗೆ ಬಂತು. ಕರಿ ತಟ್ಟೆ, ಚಂದದ ಹೊದಿಕೆ. ಹಿಂದುಗಡೆ ನುಡಿಸಿದವರೆಲ್ಲರ ಹೆಸರು. ಬಾಸ್ ಗಿಟಾರ್: ಅವರ ಪೂರ್ತಿ ಹೆಸರು, ಅಪ್ಪನ ಹೆಸರಿನ ಸಮೇತ. ಹಾಡಿದವರು: ಗೊತ್ತಿಲ್ಲ. ಅದರ ಕೆಳಗೆ ಒಂದು ಮಾತು. ಗಾಯಕಿ ಬದುಕಿದ್ದಾಳೆ, ತನ್ನ ಗುರುತು ಹೇಳುವುದು ಆಕೆಗೆ ಇಷ್ಟವಿಲ್ಲ ಎಂದು ಬಾಸ್ ವಾದಕರು ತಿಳಿಸಿದ್ದಾರೆ, ಆಕೆಯ ಇಚ್ಛೆಯನ್ನು ಗೌರವಿಸಿ ಹುಡುಕಾಟ ನಿಲ್ಲಿಸಿದ್ದೇವೆ.

ಕಂಪನಿಗೆ ಅವರು ಬರೆದದ್ದು ನಿಜ. ಹೀಗೆ ಬರೆದರು. ಹಿಂದೆ ಬ್ಯಾಂಡಿನವರಿಗೆ ಹೇಳಿದ ಅದೇ ಸುಳ್ಳು: ಅವಳಿಗೆ ಮನಸ್ಸಿಲ್ಲ. ನೆನಪು ಕಮ್ಮಿ ಅನ್ನುತ್ತಿದ್ದ ಮನುಷ್ಯ ಎಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದರು ನೋಡಿ. ಹಿಂದಿನ ಸುಳ್ಳನ್ನಾದರೂ ಕ್ಷಮಿಸಬಹುದಿತ್ತು. ಹರೆಯ, ಹೊಟ್ಟೆಕಿಚ್ಚು, ಹೆಂಡತಿ ಬಿಟ್ಟುಹೋದಾಳೆಂಬ ಹೆದರಿಕೆ, ಯಾವ ಗಂಡಸಿಗಿಲ್ಲ? ಈ ಎರಡನೆಯದ್ದಕ್ಕೆ ಅವರು ನನ್ನ ನಂಬಿಕೆಯನ್ನೇ ಮರೆ ಮಾಡಿಕೊಂಡರು. ನಾನು ಸುಮ್ಮನಿದ್ದ ದಿನಗಳಲ್ಲೇ ಆಂಟಿಯ ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದರು. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅವರನ್ನು ತುಳುವಿನಲ್ಲಿ ಬೈದೆ. ಕನ್ನಡದಲ್ಲಿ ಅಷ್ಟು ಒಳ್ಳೆಯ ಬೈಗುಳ ನನಗೆ ಬರುವುದಿಲ್ಲ.

ಬಾಯಿಗೆ ಬಂದದ್ದನ್ನೆಲ್ಲ ಅವರ ಮುಖಕ್ಕೇ ಹೇಳಬೇಕು ಅಂತ ರಜೆ ಹಾಕಿದ್ದೆ. ಟಿಕೆಟೂ ಆಗಿತ್ತು. ಅಷ್ಟರಲ್ಲಿ ಅವರು ಬೆಳಿಗ್ಗೆ ಕಾಫಿ ಕುಡಿಯುತ್ತಾ ಕೂತಲ್ಲೇ ಹೋದರು. ಅದರಲ್ಲೂ ಮೋಸ.

ಶ್ರದ್ಧಾಂಜಲಿಯ ಮರುದಿನ ಮಧ್ಯಾಹ್ನ ಅಲ್ ಅಜೀಜಿಯಾಕ್ಕೆ ಹೋದೆ. ಮಗ ಸೊಸೆ ಕೆಲಸಕ್ಕೆ ಹೋಗಿದ್ದರು. ಆಂಟಿ ಬೀನ್ಸ್ ಬಿಡಿಸುತ್ತಾ ಕೂತಿದ್ದರು. "ಒಂದು ಹಾಡು ಕೇಳ್ತೀರಾ ಆಂಟಿ?" ಅಂತ ಫೋನಿನಲ್ಲಿ ಹಚ್ಚಿ ಮೇಜಿನ ಮೇಲಿಟ್ಟೆ.

ಅವರು ಬೀನ್ಸ್ ಬಿಡಿಸುತ್ತಲೇ ಕೇಳಿದರು. "ಚಂದ ಹಾಡ್ತಾಳೆ. ಯಾರಿದು?" ಅಂದರು.

ನಾನು ಫೋನನ್ನು ಅವರ ಹತ್ತಿರ ಸರಿಸಿದೆ. ಒಂದು ಸಾಲು ಮುಗಿದು ಆ ಮೌನ ಬಂತು. ಆಂಟಿ ತಮಗೇ ಗೊತ್ತಿಲ್ಲದೆ, ಮದುವೆ ಮನೆಯಲ್ಲಿ ಸುತ್ತ ನಿಂತವರು ಹಾಡುವ ಹಾಗೆ, ಆ ಸಾಲನ್ನು ಮೆಲ್ಲನೆ ತಿರುಗಿ ಹಾಡಿದರು. ಇಂಗ್ಲಿಷ್ ಸಾಲು, ಒಂದಕ್ಷರ ತಪ್ಪದೆ. ಹಾಡಿ ಮುಗಿಸಿದ ಮೇಲೆ ಅವರ ಕೈ ನಿಂತಿತು. ಮುಂದಿನ ಸಾಲು ಫೋನಿನಿಂದ ಬಂತು. ಆಂಟಿ ಫೋನನ್ನೇ ನೋಡಿದರು. ಹಾಡು ಮುಗಿಯುವವರೆಗೆ ರೆಪ್ಪೆ ಹಾಕಲಿಲ್ಲ.

"ಅಳಿಸಿಬಿಟ್ಟೆವು ಅಂದಿದ್ರು" ಅಂದರು.

ನಾನು ಎಲ್ಲವನ್ನೂ ಹೇಳಿದೆ. ಬಹರೇನನ್ನೂ, ಕಾರನ್ನೂ, ಕಂಪನಿಯನ್ನೂ.

"ಇವರು ಕೇಳ್ತಿದ್ರಾ ಇದನ್ನು?"

"ದಿನಾ ಕೇಳ್ತಿದ್ರು ಆಂಟಿ."

"ದಿನಾ?" ಆಂಟಿ ಫೋನಿನಿಂದ ನನ್ನ ಕಡೆ ತಿರುಗಿದರು. "ನನ್ನನ್ನು ಬೆಂಚಿನಲ್ಲಿ ಕೂರ್ಸಿ, ಕಾರಿನಲ್ಲಿ ಒಬ್ರೇ ನನ್ನನ್ನು ಕೇಳ್ತಿದ್ರಾ?"

ಬೀನ್ಸಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಅತ್ತರು. ಅದು ಗಂಡ ಸತ್ತದ್ದಕ್ಕೆ ಅಳುವ ಅಳು ಅಲ್ಲ. ಅದನ್ನು ಹಿಂದಿನ ದಿನ ನೋಡಿದ್ದೆ. ನಾನೂ ಅತ್ತೆ. ಆಮೇಲೆ ಮುಖ ತೊಳೆದು ಬಂದು, "ಇನ್ನೊಂದು ಸಲ ಹಾಕು" ಅಂದರು. ಹಾಕಿದೆ. ಈ ಸಲ ಅವರು ತಿರುಗಿ ಹಾಡಲಿಲ್ಲ, ಮೌನ ಬಂದಾಗ ನನ್ನ ಕಡೆ ನೋಡಿದರು. ನಾನು ಹಿಂದಿನ ಸಾಲಿನ ನನ್ನ ಸ್ವರದಲ್ಲಿ, ಯಾವ ಬೆರಳಿಗೂ ಹೆದರದೆ, ಹಾಡಿದೆ.

"ಆಂಟಿ, ಕಂಪನಿಗೆ ಬರೀಲಾ? ನಿಮ್ಮ ಹೆಸರು ಹಾಕಿ ಅಂತ?"

"ಬರಿ. ಸ್ಪೆಲ್ಲಿಂಗ್ ಸರಿಯಾಗಿ ಬರಿ." ಬೀನ್ಸಿನ ತಟ್ಟೆಯನ್ನು ಮತ್ತೆ ಎಳೆದುಕೊಂಡು ಅಂದರು, "ಬರೀ ನನ್ನ ಹೆಸರು ಸಾಕು. ಇವರದ್ದು ಸೇರಿಸ್ಬೇಡ."

ಬರೆದಿದ್ದೇನೆ. ಮುಂದಿನ ಮುದ್ರಣದಲ್ಲಿ ಹಾಕುತ್ತಾರಂತೆ. ಇಲ್ಲಿಯೂ ಆಂಟಿ ಹೇಳಿದ ಹಾಗೇ ಮಾಡಿದ್ದೇನೆ. ಇಷ್ಟು ಪುಟ ಅವರ ಬಗ್ಗೆಯೇ ಬರೆದೆ, ಅವರ ಬಿಳಿ ಅಂಗಿ, ಅವರ ಕವೆ, ಅವರ ಬೆರಳು, ಎಲ್ಲವೂ ಬಂತು. ಅವರ ಹೆಸರು ಮಾತ್ರ ಬರಲಿಲ್ಲ, ಬರುವುದೂ ಇಲ್ಲ. ಗೊತ್ತಿಲ್ಲದವರಾಗಿ ಇರುವುದು ಹೇಗಿರುತ್ತದೆ ಅಂತ ಅವರಿಗೂ ಸ್ವಲ್ಪ ಗೊತ್ತಾಗಲಿ.

ಹಾಡಿದವರು: ಜಸಿಂತಾ.